ಕಟ್ಟಿದ ದೋಣಿಯ ಕಾವಲು

ನಮ್ಮ ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ಹಳೆಯ ಕಾಲದ ವಿಷಯ ಏನಾದರೂ ಬರೆಯಿರಿ ಎಂದು ಸಂಪಾದಕ ಸಮಿತಿಯವರು ಹೇಳಿದರು. ನೇತ್ರಾವತಿ ದಡದವರಾದ ನಮಗೆ ದೋಣಿಗಿಂತ ಹಳೆಯ ವಿಷಯ ಯಾವುದುಂಟು? ದೋಣಿ ನಡೆಸಿದ ಕತೆಯನ್ನು ಎಲ್ಲರೂ ಹೇಳ್ತಾರೆ. ಕಟ್ಟಿ ಹಾಕಿದ ದೋಣಿಯನ್ನು ಕಾಪಾಡಿಕೊಂಡ ಕತೆ ಹೇಳುವವರು ಕಡಿಮೆ. ದೋಣಿ ಹಾಳಾಗುವುದು ನಡುನೀರಿನಲ್ಲಿ ಮಾತ್ರ ಅಲ್ಲ, ದಕ್ಕೆಯಲ್ಲಿ ಕಟ್ಟಿಟ್ಟಾಗಲೂ ಹಾಳಾಗುತ್ತದೆ. ನೀರು ಏರಿಳಿಯುತ್ತದೆ, ಗಾಳಿ ದೂಡುತ್ತದೆ, ಪಕ್ಕದ ದೋಣಿ ಬಂದು ಬಡಿಯುತ್ತದೆ, ಅಡಿಯಿಂದ ಹುಳು ಕೊರೆಯುತ್ತದೆ. ಈ ನಾಲ್ಕು ಶತ್ರುಗಳಿಂದ ದೋಣಿಯನ್ನು ಉಳಿಸಲು ಮನುಷ್ಯ ಸಾವಿರಾರು ವರ್ಷಗಳಿಂದ ಉಪಾಯ ಹುಡುಕುತ್ತಾ ಬಂದಿದ್ದಾನೆ.

ನಮ್ಮ ದೇಶದಲ್ಲಿ ಇದಕ್ಕೆ ಬಹಳ ಹಳೆಯ ಉದಾಹರಣೆ ಗುಜರಾತಿನ ಲೋಥಲ್. ಅದನ್ನು ಅಗೆದು ತೋರಿಸಿದವರು ಶಿವಮೊಗ್ಗ ಜಿಲ್ಲೆಯ ಎಸ್.ಆರ್. ರಾವ್ ಅವರು ಎಂಬುದು ಕನ್ನಡಿಗರಾದ ನಮಗೆ ಹೆಮ್ಮೆಯ ವಿಷಯ. 1955ರಿಂದ ಅಲ್ಲಿ ನಡೆದ ಉತ್ಖನನದಲ್ಲಿ ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಹರಪ್ಪ ಕಾಲದ ಒಂದು ದೊಡ್ಡ ಕೊಳ ಸಿಕ್ಕಿತು. ಉದ್ದ ಸುಮಾರು 218 ಮೀಟರ್, ಅಗಲ ಸುಮಾರು 37 ಮೀಟರ್, ಸುತ್ತಲೂ ಸುಟ್ಟ ಇಟ್ಟಿಗೆಯ ಗೋಡೆ. ಇದು ಹಡಗುಕಟ್ಟೆ ಎಂದು ರಾವ್ ಅವರು ವಿವರಿಸಿದರು. ಅಲ್ಲ, ಅದು ನೀರಿನ ಕೆರೆ ಎಂದು ವಾದ ಮಾಡಿದ ವಿದ್ವಾಂಸರೂ ಇದ್ದಾರೆ.

ರಾವ್ ಅವರ ವಿವರಣೆಯನ್ನು ದೋಣಿ ಬಲ್ಲವರು ಕೇಳಿದರೆ ಅದರ ಬೆಲೆ ಗೊತ್ತಾಗುತ್ತದೆ. ಖಂಬಾತ್ ಕೊಲ್ಲಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ಹತ್ತು ಮೀಟರಿನಷ್ಟು ವ್ಯತ್ಯಾಸ ಆಗುವುದುಂಟು. ನಮ್ಮ ಮಂಗಳೂರಿನಲ್ಲಿ ಅದು ಹೆಚ್ಚೆಂದರೆ ಒಂದೂವರೆ ಮೀಟರಿನ ಆಚೀಚೆ. ಅಂಥ ಜಾಗದಲ್ಲಿ ಸರಕು ತುಂಬಿದ ದೋಣಿಯನ್ನು ದಡಕ್ಕೆ ಕಟ್ಟಿದರೆ, ನೀರು ಇಳಿದಾಗ ಅದು ಕೆಸರಿನ ಮೇಲೆ ಕೂರುತ್ತದೆ. ಒಳಗಿನ ಭಾರಕ್ಕೆ ಹಲಗೆಯ ಜೋಡಣೆ ಬಿರಿಯುತ್ತದೆ. ಅದಕ್ಕೇ ಲೋಥಲ್‌ನವರು ಹೊಳೆಯ ಸೆಳೆತದಿಂದ ಬದಿಗೆ ಕೊಳ ಕಟ್ಟಿದರು. ಉಬ್ಬರದಲ್ಲಿ ದೋಣಿ ಒಳಗೆ ಬರಲು ಒಂದು ದಾರಿ, ಹೆಚ್ಚಾದ ನೀರು ಹೊರಗೆ ಹೋಗಲು ಇನ್ನೊಂದು ದಾರಿ. ಹೊರದಾರಿಗೆ ಮರದ ಹಲಗೆ ಇಳಿಸಿದರೆ ಹೊರಗೆ ನೀರು ಇಳಿದರೂ ಒಳಗೆ ದೋಣಿ ತೇಲಿಕೊಂಡೇ ಇರುತ್ತದೆ. ನಮ್ಮ ತೋಡಿನ ಕಟ್ಟಕ್ಕೆ ಹಲಗೆ ಹಾಕುವ ಹಾಗೇ ಅಲ್ವಾ?

ನಮ್ಮ ಕರಾವಳಿಯ ಹಿರಿಯರಿಗೆ ಇಷ್ಟು ದೊಡ್ಡ ಕೊಳ ಕಟ್ಟುವ ಅಗತ್ಯ ಬೀಳಲಿಲ್ಲ. ನದಿಗಳೇ ಆಸರೆ ಕೊಟ್ಟವು. ಹೊನ್ನಾವರ ಶರಾವತಿಯ ಅಳಿವೆಯಲ್ಲಿ, ಬಸರೂರು ಸಮುದ್ರದಿಂದ ಒಳಗೆ ವಾರಾಹಿ ನದಿಯ ದಡದಲ್ಲಿ, ಹಳೆ ಮಂಗಳೂರು ಬಂದರು ನೇತ್ರಾವತಿ ಮತ್ತು ಗುರುಪುರ ನದಿಗಳು ಸೇರುವಲ್ಲಿ. ಇವೆಲ್ಲ ತೆರೆಯ ಹೊಡೆತ ನೇರವಾಗಿ ತಾಗದ ಜಾಗಗಳು.

ದೋಣಿಯ ಕಟ್ಟೋಣದಲ್ಲೂ ಉಪಾಯ ಇತ್ತು. 14ನೇ ಶತಮಾನದಲ್ಲಿ ನಮ್ಮ ಕರಾವಳಿಗೆ ಬಂದ ಪ್ರವಾಸಿ ಇಬ್ನ್ ಬತೂತ ಇದನ್ನು ಬರೆದಿಟ್ಟಿದ್ದಾನೆ. ಕಬ್ಬಿಣದ ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ತೆಂಗಿನ ನಾರಿನ ಹಗ್ಗದಿಂದ ಹೊಲಿದ ಹಡಗು ಬಾಗಿಕೊಂಡು ತಾಳುತ್ತದೆ ಎಂಬುದು ಅವನ ಮಾತಿನ ಸಾರ. ಬಂಡೆಗೆ ಹೇಳಿದ್ದು ದಕ್ಕೆಯ ಕಲ್ಲಿಗೂ ಸಲ್ಲುತ್ತದೆ.

ಇನ್ನು ನಮ್ಮ ನೇತ್ರಾವತಿಗೆ ಬರೋಣ. ಒಂದು ಕಾಲದಲ್ಲಿ ಘಟ್ಟದ ಸರಕು ಬಂಟ್ವಾಳಕ್ಕೆ ಇಳಿದು ಅಲ್ಲಿಂದ ದೋಣಿ ಹತ್ತಿ ಮಂಗಳೂರಿಗೆ ಹೋಗುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಮಣ್ಣು, ಹಂಚು ಸಾಗಿಸುವ ಕೆಲಸವೂ ದೋಣಿಗಳಿಗೆ ಸಿಕ್ಕಿತು. ಒಂದು ದೋಣಿ ಎಂದರೆ ಒಂದು ಮನೆಯ ಅನ್ನ. ಅದನ್ನು ಕಟ್ಟುವುದರಲ್ಲಿ ಉದಾಸೀನ ಮಾಡಿದರೆ ಆ ಮನೆಯ ಒಲೆ ಹೊತ್ತುತ್ತಿರಲಿಲ್ಲ.

ಮುಖ್ಯವಾದ ಪಾಠ ಹಗ್ಗದ್ದು. ಹಗ್ಗ ಗಿಡ್ಡವಾದರೆ ನೀರು ಏರಿದಾಗ ದೋಣಿಯ ಮೂತಿಯನ್ನು ಕೆಳಕ್ಕೆ ಜಗ್ಗಿ ಮುಳುಗಿಸುತ್ತದೆ. ತೀರ ಉದ್ದವಾದರೆ ದೋಣಿ ಆಚೀಚೆ ತೂಗಿ ಬಡಿದುಕೊಳ್ಳುತ್ತದೆ. ಆದ್ದರಿಂದ ಮುಂದಕ್ಕೊಂದು, ಹಿಂದಕ್ಕೊಂದು ಹಗ್ಗ, ಎರಡಕ್ಕೂ ನೀರು ಏರುವಷ್ಟು ಸಡಿಲ. ತೆಂಗಿನ ನಾರಿನ ಹಗ್ಗ ಉಪ್ಪುನೀರಿಗೆ ಬೇಗ ಕೊಳೆಯುವುದಿಲ್ಲ, ಎಳೆತಕ್ಕೆ ಸ್ವಲ್ಪ ಹಿಗ್ಗಿಯೂ ಕೊಡುತ್ತದೆ. 1923ರಲ್ಲಿ ಮತ್ತು 1974ರಲ್ಲಿ ಬಂಟ್ವಾಳವನ್ನು ಮುಳುಗಿಸಿದ ನೆರೆಗಳ ಹೆಸರೆತ್ತಿದಾಗಲೆಲ್ಲ ನಮ್ಮ ಅಜ್ಜ, "ನೆರೆ ಬರುವಾಗ ಮನೆ ಬಾಗಿಲು ಆಮೇಲೆ, ಮೊದಲು ದೋಣಿಯ ಹಗ್ಗ ನೋಡಬೇಕು ಮಗಾ" ಎನ್ನುತ್ತಿದ್ದರು. ಎಲ್ಲ ದಾರಿ ಮುಳುಗಿದ ಮೇಲೆ ಜನರನ್ನು ದಾಟಿಸಲು ಅದೊಂದೇ ತಾನೇ ಉಳಿಯುವುದು?

ಎರಡನೆಯದು ನಡುವಿನ ಮೆತ್ತೆ. ದೋಣಿಗೂ ಕಲ್ಲಿಗೂ ನಡುವೆ ಹಳೆ ಹಗ್ಗದ ಸುರುಳಿ, ನಾರಿನ ಕಟ್ಟು ತೂಗಿಸುತ್ತಿದ್ದರು. ಮುಂದೆ ಲಾರಿಯ ಹಳೆ ಟಯರು ಬಂತು. ವಸ್ತು ಬದಲಾಯಿತು, ಉಪಾಯ ಅದೇ.

ಮೂರನೆಯದು ಹುಳು. ಉಪ್ಪುನೀರಿನಲ್ಲಿ ಮರ ಕೊರೆಯುವ ಈ ಹುಳು ಹೊರಗೆ ಸೂಜಿಯಷ್ಟು ತೂತು ಮಾಡಿ ಒಳಗೆಲ್ಲ ತಿಂದುಹಾಕುತ್ತದೆ. ಸಿಹಿನೀರಿನಲ್ಲಿ ಇಟ್ಟರೆ, ಇಲ್ಲವೇ ದಡಕ್ಕೆ ಎಳೆದು ಒಣಗಿಸಿದರೆ ಹುಳು ಸಾಯುತ್ತದೆ. ಮತ್ತೆ ಬಾರದ ಹಾಗೆ ಬೂತಾಯಿ ಮೀನಿನ ಎಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ಪದ್ಧತಿ. ಮಳೆಗಾಲದಲ್ಲಿ ದೋಣಿಯನ್ನು ಮೇಲೆಳೆದು ಮಡಲು ಹೊದಿಸುತ್ತಿದ್ದರು. ಎಳೆಯುವುದು ಒಂದು ಮನೆಯವರಿಂದ ಆಗುವ ಕೆಲಸ ಅಲ್ಲ. ಕೇರಿಯ ಗಂಡಸರೆಲ್ಲ ಹೆಗಲು ಕೊಡಬೇಕು. ಇವತ್ತು ನಿಮ್ಮದು, ನಾಳೆ ನಮ್ಮದು.

1974ರಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಆರಂಭವಾಯಿತು. ಅದೂ ನೆಲವನ್ನು ಒಳಕ್ಕೆ ಅಗೆದು, ಎದುರಿಗೆ ಅಲೆತಡೆಗೋಡೆ ಹಾಕಿ ಮಾಡಿದ ಬಂದರು. ಮಳೆಗಾಲದಲ್ಲೂ ಹಡಗುಗಳು ಅಲ್ಲಿ ನಿಶ್ಚಿಂತೆಯಿಂದ ನಿಲ್ಲುತ್ತವೆ. ಲೋಥಲ್‌ನವರ ಯೋಚನೆಗೂ ಇದಕ್ಕೂ ದೂರ ಹೆಚ್ಚಿಲ್ಲ. ಆದರೆ ಮಲ್ಪೆಯಲ್ಲೋ ಮಂಗಳೂರಿನ ದಕ್ಕೆಯಲ್ಲೋ ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧದ ಸಮಯದಲ್ಲಿ ಹೋಗಿ ನೋಡಿ. ಯಾಂತ್ರಿಕ ದೋಣಿಗಳು ಒಂದಕ್ಕೊಂದು ತಾಗಿ ಸಾಲಾಗಿ ನಿಂತಿರುತ್ತವೆ. ಒಬ್ಬನ ಹಗ್ಗ ಕಡಿದರೆ ಹತ್ತು ಜನರ ದೋಣಿಗೆ ಪೆಟ್ಟು.

ನಮ್ಮ ಊರಿನಲ್ಲಿ ಈಗ ದೋಣಿಗಳು ಬೆರಳೆಣಿಕೆಯಷ್ಟು. ಹೊಸದಾಗಿ ಫೈಬರ್ ದೋಣಿ ಬಂದಿದೆ, ಅದಕ್ಕೆ ಹುಳುವಿನ ಭಯ ಇಲ್ಲ. ಆದರೆ ಕಲ್ಲಿಗೆ ಉಜ್ಜಿದರೆ ಅದೂ ಸವೆಯುತ್ತದೆ, ಗಿಡ್ಡ ಹಗ್ಗಕ್ಕೆ ಅದೂ ಮುಳುಗುತ್ತದೆ. ಹಗ್ಗದ ಗಂಟು, ಸಡಿಲದ ಲೆಕ್ಕ ತಿಳಿದ ಹಿರಿಯರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ. ಅವರಿರುವಾಗಲೇ ಯುವಕರು ಹೋಗಿ ಕೇಳಿ ಕಲಿತುಕೊಳ್ಳಬೇಕು ಎಂದು ನನ್ನ ವಿನಂತಿ. ದೋಣಿ ಒಬ್ಬರದಾದರೂ ದಕ್ಕೆ ಎಲ್ಲರದು. ಇಪ್ಪತ್ತೈದು ವರ್ಷ ಈ ಸಂಘ ನಡೆದುಬಂದದ್ದೂ ಅದೇ ತಿಳುವಳಿಕೆಯಿಂದ. ಎಲ್ಲ ಸದಸ್ಯ ಬಾಂಧವರಿಗೆ ಬೆಳ್ಳಿಹಬ್ಬದ ಶುಭಾಶಯಗಳು.