ಗಾಳಿಯನ್ನು ಹೊರಗಿಟ್ಟವರು

ನಮ್ಮೂರು ಮಾಜಾಳಿ, ಕರ್ನಾಟಕದ ಕರಾವಳಿ ಮುಗಿದು ಗೋವಾ ಶುರುವಾಗುವ ಜಾಗ. ಬೆಂಗಳೂರಿನ ಗೆಳೆಯರು 'ಒಳ್ಳೆ ಗಾಳಿ ಮಾರಾಯಾ' ಅಂತ ಇಲ್ಲಿಗೆ ಬರುತ್ತಾರೆ. ಆದರೆ ಗಾಳಿಯೇ ಬೇಡ ಅಂತ ಸುಮಾರು ಇನ್ನೂರು ವರ್ಷದಿಂದ ಬಾಗಿಲು ಹಾಕುತ್ತ ಬಂದವರೂ ಇದ್ದಾರೆ. ಅವರು ವಸ್ತುವನ್ನು ಕುಲುಮೆಯಲ್ಲಿ ಸುಟ್ಟು, ಅದರಲ್ಲಿ ಏನು ಎಷ್ಟಿದೆ ಅಂತ ಅಳೆಯುವ ಕೆಮಿಸ್ಟ್‌ಗಳು.

ಗಾಳಿ ಅವರಿಗೆ ಏನು ಮಾಡಿತ್ತು? ನಮ್ಮ ಕಾಳಿ ನದಿಯ ಕೆಸರನ್ನೇ ತಗೊಳ್ಳಿ. ಜೊಯಿಡಾದ ಕಾಡಿನಲ್ಲಿ ಹುಟ್ಟಿ, ಘಟ್ಟ ಇಳಿದು, ಕಾರವಾರ ಮತ್ತು ಸದಾಶಿವಗಡದ ನಡುವೆ ಕಾಳಿ ಸಮುದ್ರ ಸೇರುತ್ತದೆ. ಅಳಿವೆಯ ಕೆಸರಿನಲ್ಲಿ ಕಾಡಿನ ಎಲೆಯೂ ಇರುತ್ತದೆ, ಸಮುದ್ರದ ಸೂಕ್ಷ್ಮಜೀವಿಯೂ ಇರುತ್ತದೆ. ಯಾವುದು ಹೆಚ್ಚು ಅಂತ ತಿಳಿಯಲು ಇಂಗಾಲ ಮತ್ತು ಸಾರಜನಕದ ಅನುಪಾತ ನೋಡುತ್ತಾರೆ. ಸಮುದ್ರದ ಸಸ್ಯಪ್ಲವಕದಲ್ಲಿ ಒಂದು ಸಾರಜನಕ ಪರಮಾಣುವಿಗೆ ಇಂಗಾಲ ಸುಮಾರು 6-7. ನೆಲದ ಮರಗಿಡಗಳಲ್ಲಿ ಸಾಮಾನ್ಯವಾಗಿ 20ಕ್ಕೂ ಹೆಚ್ಚು. ಪದರ ಪದರವಾಗಿ ಕೆಸರು ತೆಗೆದು ಅಳೆದರೆ ನದಿ ಯಾವ ಕಾಲದಲ್ಲಿ ಏನು ತಂದಿತು ಅಂತ ಓದಬಹುದು. ಸೂಪಾ, ಕದ್ರಾ ಅಣೆಕಟ್ಟುಗಳಿಗಿಂತ ಮುಂಚೆ ಹೇಗಿತ್ತು, ಆಮೇಲೆ ಏನಾಯಿತು ಅಂತ ಕೇಳುವವರಿಗೆ ಈ ಕೆಸರೇ ದಫ್ತರ.

ಈಗ ಲೆಕ್ಕ ನೋಡಿ. 10 ಮಿಲಿಗ್ರಾಂ ಒಣ ಕೆಸರಿನ ಪುಡಿಯನ್ನು ಪುಟ್ಟ ತವರದ ಬಟ್ಟಲಲ್ಲಿ ಸುತ್ತಿ ಕುಲುಮೆಗೆ ಹಾಕಿದಿರಿ ಅಂದುಕೊಳ್ಳಿ. ಅದರಲ್ಲಿ ಶೇ. 0.1 ಸಾರಜನಕ ಇದ್ದರೆ ಒಟ್ಟು 10 ಮೈಕ್ರೋಗ್ರಾಂ. ಗಾಳಿಯಲ್ಲಿ ಶೇ. 78 ಸಾರಜನಕವೇ. ಬಟ್ಟಲಿನ ಮಡಿಕೆಯಲ್ಲಿ 10 ಮೈಕ್ರೋಲೀಟರ್ ಗಾಳಿ, ಅಂದರೆ ಒಂದು ಹನಿ ನೀರಿನ ಐದನೇ ಒಂದು ಭಾಗದಷ್ಟು, ಉಳಿದರೂ ಅದು ಸುಮಾರು 9 ಮೈಕ್ರೋಗ್ರಾಂ ಸಾರಜನಕ ತರುತ್ತದೆ. ಇಂಗಾಲ ಮಾತ್ರ ಹಾಗೇ ಇರುತ್ತದೆ, ಯಾಕಂದರೆ ಗಾಳಿಯಲ್ಲಿ ಅದು ತೀರಾ ಕಮ್ಮಿ. ಅಂದರೆ 15 ಇರಬೇಕಾದ ಅನುಪಾತ 8ಕ್ಕೆ ಇಳಿಯಿತು. ಘಟ್ಟದ ಎಲೆ ಸಮುದ್ರದ ಪ್ಲವಕ ಆಗಿಬಿಟ್ಟಿತು! ಮೆಷಿನ್ ಯಾವ ಎರರ್ ಮೆಸೇಜನ್ನೂ ಕೊಡುವುದಿಲ್ಲ. ಕ್ರ್ಯಾಶ್ ಆಗುವ ಪ್ರೋಗ್ರಾಮ್‌ಗಿಂತ ತಪ್ಪು ಉತ್ತರವನ್ನು ಧೈರ್ಯವಾಗಿ ಕೊಡುವ ಪ್ರೋಗ್ರಾಮ್ ಅಪಾಯಕಾರಿ ಅಂತ ನಮ್ಮ ಕಸುಬಿನವರಿಗೆ ಗೊತ್ತು.

ಈ ಸಮಸ್ಯೆಗೆ ಮೊದಲು ಒಳ್ಳೆಯ ಉಪಾಯ ಹುಡುಕಿದವನು ಫ್ರಾನ್ಸಿನ ಜೀನ್ ಬ್ಯಾಪ್ಟಿಸ್ಟ್ ಡ್ಯೂಮಾ, 19ನೇ ಶತಮಾನದ ಮೊದಲ ದಶಕಗಳಲ್ಲಿ. ಪಿಯುಸಿ ಸೈನ್ಸ್ ಓದಿದವರಿಗೆ ಹೆಸರು ನೆನಪಿರಬಹುದು. ಪರೀಕ್ಷೆಗೆ ಲೆಕ್ಕ ಬರುತ್ತಿತ್ತು. ಸುಡುವ ಮೊದಲು ಅವನು ಕೊಳವೆಯೊಳಗೆ ಕಾರ್ಬನ್ ಡೈಆಕ್ಸೈಡ್ ಹರಿಸಿ ಗಾಳಿಯನ್ನೆಲ್ಲ ಹೊರದಬ್ಬುತ್ತಿದ್ದ. ಸುಟ್ಟ ಮೇಲೆ ಬರುವ ಅನಿಲವನ್ನು ಪೊಟ್ಯಾಷ್ ದ್ರಾವಣದ ಮೇಲೆ ಹಿಡಿಯುತ್ತಿದ್ದ. ಪೊಟ್ಯಾಷ್ ಕಾರ್ಬನ್ ಡೈಆಕ್ಸೈಡನ್ನು ನುಂಗಿಬಿಡುತ್ತದೆ, ಉಳಿಯುವುದು ಸಾರಜನಕ. ಆಮೇಲೆ ತೆಗೆಯಲಾಗದ ಅನಿಲದ ಜಾಗದಲ್ಲಿ ಸುಲಭವಾಗಿ ತೆಗೆಯಬಹುದಾದ ಅನಿಲವನ್ನು ಕೂರಿಸುವುದು, ಅಷ್ಟೇ ಜಾಣತನ.

1883ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಲ್ಯಾಬಿನ ಯೋಹಾನ್ ಕೆಲ್ಡಾಲ್ ಬೇರೆ ದಾರಿ ಹಿಡಿದ. ಸುಡುವುದೇ ಬೇಡ, ಬಿಸಿ ಸಲ್ಫ್ಯೂರಿಕ್ ಆಮ್ಲದಲ್ಲಿ ಕುದಿಸಿ ಸಾರಜನಕವನ್ನು ಅಮೋನಿಯಾ ಮಾಡು ಅಂದ. ಗಾಳಿಯ ಸಾರಜನಕ ಅಲ್ಲಿ ಅಲುಗುವುದೇ ಇಲ್ಲ, ಬಾಗಿಲು ತೆರೆದಿದ್ದರೂ ಚಿಂತೆಯಿಲ್ಲ. ಹಾಲು, ಕಾಳುಗಳ ಪ್ರೋಟೀನ್ ಅಳೆಯುವವರು ಅದನ್ನೇ ಅಪ್ಪಿಕೊಂಡರು. ಆದರೆ ಆಮ್ಲದ ಹೊಗೆ, ಗಂಟೆಗಟ್ಟಲೆ ಕೆಲಸ. ಸಾರಜನಕದ ಎಲ್ಲ ರೂಪಗಳೂ ಅದಕ್ಕೆ ಸಿಗುವುದಿಲ್ಲ.

ಡ್ಯೂಮಾನ ದಾರಿಯನ್ನು ಮುಂದೆ ಒಯ್ದವನು ಆಸ್ಟ್ರಿಯಾದ ಫ್ರಿಟ್ಸ್ ಪ್ರೆಗ್ಲ್. ಅವನ ಕೈಯಲ್ಲಿದ್ದ ಪದಾರ್ಥವೇ ಚಿಟಿಕೆಗಿಂತ ಕಡಿಮೆ. ಹಾಗಾಗಿ ಕೆಲವೇ ಮಿಲಿಗ್ರಾಂಗಳಲ್ಲಿ ಕೆಲಸ ಮುಗಿಯುವಂತೆ ಇಡೀ ವಿಧಾನವನ್ನು ಕುಗ್ಗಿಸಿದ. 1923ರ ನೊಬೆಲ್ ಬಂತು. ಸ್ಯಾಂಪಲ್ ಚಿಕ್ಕದಾದಂತೆ ಗಾಳಿಯ ಪಾಲು ದೊಡ್ಡದಾಗುತ್ತದೆ ಅನ್ನುವುದು ಆಗ ನಿಜವಾಗಿ ಕಾಡಿತು. ಅನಿಲ ತಯಾರಿಸಲು ಬಳಸುವ ಅಮೃತಶಿಲೆಯ ಸಣ್ಣ ರಂಧ್ರಗಳಲ್ಲೂ ಗಾಳಿ ಅಡಗಿರುತ್ತಿತ್ತು! ಪರೀಕ್ಷೆ ಮಾತ್ರ ಸರಳ: ಪೊಟ್ಯಾಷ್‌ನಲ್ಲಿ ಏರುವ ಗುಳ್ಳೆಗಳು ತೀರಾ ಚಿಕ್ಕದಾಗಬೇಕು. ಅಲ್ಲಿಯತನಕ ಕಾಯಬೇಕು.

ಇಂದಿನ ಯಂತ್ರಗಳು ಅದೇ ಕೆಲಸವನ್ನು ಹೀಲಿಯಂನಿಂದ ಮಾಡುತ್ತವೆ. ತವರದ ಬಟ್ಟಲನ್ನು ಚಿಮಟದಿಂದ ಮಡಚಿ, ಒತ್ತಿ, ಒಳಗಿನ ಗಾಳಿ ಹಿಂಡುತ್ತಾರೆ. ಬಟ್ಟಲುಗಳು ಕೂತ ತಟ್ಟೆಯ ಮೇಲೆ ಹೀಲಿಯಂ ಸದಾ ಹರಿಯುತ್ತದೆ. ಇನ್ನೂ ಚೊಕ್ಕ ಯಂತ್ರಗಳಲ್ಲಿ ತಟ್ಟೆಗೂ ಕುಲುಮೆಗೂ ನಡುವೆ ವಾಲ್ವ್ ಇದ್ದು, ಗಾಳಿಯನ್ನೆಲ್ಲ ತೊಳೆದ ಮೇಲೆಯೇ ಬಾಗಿಲು ತೆರೆಯುತ್ತದೆ. ಜೊತೆಗೆ 'ಬ್ಲ್ಯಾಂಕ್': ಖಾಲಿ ಬಟ್ಟಲನ್ನೇ ಮಡಚಿ ಸುಟ್ಟು, ಬಂದ ಸಾರಜನಕವನ್ನು ಲೆಕ್ಕದಿಂದ ಕಳೆಯುವುದು. ಆದರೆ ಮಡಿಕೆ ಪ್ರತಿಸಲ ಒಂದೇ ಥರ ಬಂದರೆ ಮಾತ್ರ ಇದು ಕೆಲಸ ಮಾಡುತ್ತದೆ. ಒಂದು ಬಿಗಿ, ಒಂದು ಸಡಿಲ ಆದರೆ ಕಳೆಯುವ ಸಂಖ್ಯೆಗೇ ಅರ್ಥವಿಲ್ಲ. ಇಷ್ಟು ಲಕ್ಷಗಳ ಯಂತ್ರದ ಮರ್ಯಾದೆ ಕೊನೆಗೂ ಯಾವುದೋ ವಿದ್ಯಾರ್ಥಿಯ ಬೆರಳ ತುದಿಯಲ್ಲಿದೆ.

ಈ ಕಥೆಗೆ ಒಂದು ತಮಾಷೆಯ ಉಪಕಥೆಯೂ ಇದೆ. 1892ರಲ್ಲಿ ಲಾರ್ಡ್ ರೇಲೀ, ಗಾಳಿಯಿಂದ ತೆಗೆದ ಸಾರಜನಕ ಅಮೋನಿಯಾದಿಂದ ತೆಗೆದದ್ದಕ್ಕಿಂತ ಕೊಂಚ ಭಾರವಾಗಿದೆ ಅಂತ ಗಮನಿಸಿದ. ಕೊನೆಗೆ ನಿಂತ ವ್ಯತ್ಯಾಸ ಬರೀ 200ಕ್ಕೆ 1ರಷ್ಟು. 'ಏನೋ ಕಲಬೆರಕೆ' ಅಂತ ಕೈಬಿಡಲಿಲ್ಲ, ಬೆನ್ನು ಹತ್ತಿದ. 1894ರಲ್ಲಿ ವಿಲಿಯಂ ರ‍್ಯಾಮ್ಸೆ ಜೊತೆ ಸೇರಿ ಅದರೊಳಗೆ ಅಡಗಿದ್ದ ಆರ್ಗಾನ್ ಅನ್ನು ಪ್ರಪಂಚಕ್ಕೆ ತೋರಿಸಿದ. ಸಣ್ಣ ವ್ಯತ್ಯಾಸ ಎಲ್ಲಿಂದ ಬಂತು ಅಂತ ಕೇಳುವ ಹಟವೇ ಎರಡೂ ಕಡೆ ಬಂಡವಾಳ.

ನಮ್ಮ ಕಡೆ ಕಾಳಿಯ ಬಗ್ಗೆ ವಾದ ಮುಗಿಯುವುದಿಲ್ಲ: ಅಣೆಕಟ್ಟು, ಮರಳು, ಮೀನು. ಎಲ್ಲರೂ ಒಂದೊಂದು ವರದಿ ಹಿಡಿದು ಬರುತ್ತಾರೆ, ಎಲ್ಲ ವರದಿಯಲ್ಲೂ ದಶಮಾಂಶದ ಅಂಕಿಗಳು. ಅಂಥ ಕೋಷ್ಟಕ ನಿಮ್ಮ ಕೈಗೆ ಬಂದರೆ ಪರ ವಿರೋಧ ಆಮೇಲೆ ನೋಡೋಣ, ಮೊದಲು ಒಂದೇ ಪ್ರಶ್ನೆ ಕೇಳಿ: 'ಬ್ಲ್ಯಾಂಕ್ ಎಷ್ಟು ಬಂದಿತ್ತು?' ಸರಿಯಾಗಿ ಅಳೆದವರು ಆ ಪ್ರಶ್ನೆಗೆ ಸಿಟ್ಟಾಗುವುದಿಲ್ಲ, ಖುಷಿಯಾಗುತ್ತಾರೆ.