ಸಿಯಾಟಲ್‌ನಲ್ಲಿ ಫೈನ್‌ಮನ್: ಮೂರು ಸಂಜೆಗಳ ಕಥೆ

ರೆಡ್ಮಂಡ್, ಬಾಥೆಲ್, ಸಮಾಮಿಶ್ ಕಡೆ ನಮ್ಮವರ ಮನೆಗೆ ಹೋದರೆ ಪುಸ್ತಕದ ಕಪಾಟಿನಲ್ಲಿ ರಿಚರ್ಡ್ ಫೈನ್‌ಮನ್ ಸಿಕ್ಕೇ ಸಿಗುತ್ತಾರೆ. ಸಾಮಾನ್ಯವಾಗಿ 1985ರ 'ಷ್ಯೂರ್ಲಿ ಯು ಆರ್ ಜೋಕಿಂಗ್, ಮಿಸ್ಟರ್ ಫೈನ್‌ಮನ್'. ತಿಜೋರಿ ಬೀಗ ತೆಗೆಯೋದು, ಬೊಂಗೊ ಬಾರಿಸೋದು, ದೊಡ್ಡವರನ್ನು ಕಿಚಾಯಿಸೋದು, ಎಲ್ಲ ಮಜವಾಗಿದೆ. ಆದರೆ ನೀವು ವಾಸ ಮಾಡ್ತಿರೋ ಈ ಊರಲ್ಲೇ ಹುಟ್ಟಿದ ಅವರದೊಂದು ಸಣ್ಣ ಪುಸ್ತಕ ಇದೆ ಅಂತ ನಿಮಗೆ ಗೊತ್ತಾ?

1962ರಲ್ಲಿ ಸಿಯಾಟಲ್‌ನಲ್ಲಿ ವಿಶ್ವ ಮೇಳ ನಡೆಯಿತು. ಸ್ಪೇಸ್ ನೀಡಲ್ ಎದ್ದು ನಿಂತದ್ದು ಅದಕ್ಕಾಗಿಯೇ. ಮಕ್ಕಳನ್ನು ಕರೆದುಕೊಂಡು ಹೋಗ್ತೀರಲ್ಲ, ಆ ಪೆಸಿಫಿಕ್ ಸೈನ್ಸ್ ಸೆಂಟರ್ ಆಗ ಮೇಳದ ವಿಜ್ಞಾನ ಮಂಟಪ. ಆರು ತಿಂಗಳು ಇಡೀ ಊರು ವಿಜ್ಞಾನ ಯುಗದ ಹಬ್ಬ ಮಾಡಿತು. ಮರುವರ್ಷ ಏಪ್ರಿಲ್‌ನಲ್ಲಿ ಯೂನಿವರ್ಸಿಟಿ ಆಫ್ ವಾಷಿಂಗ್ಟನ್ ಜಾನ್ ಡಾನ್ಜ್ ಉಪನ್ಯಾಸಗಳಿಗೆ ಫೈನ್‌ಮನ್ ಅವರನ್ನು ಕರೆಸಿತು. ನೊಬೆಲ್ ಇನ್ನೂ ಬಂದಿರಲಿಲ್ಲ, ಅದು ಬಂದದ್ದು 1965ರಲ್ಲಿ. ಮೂರು ಸಂಜೆ ಮಾತಾಡಿದರು. ಮೂರನೆಯದರ ವಿಷಯ: ನಮ್ಮ ಈ ಕಾಲ ವೈಜ್ಞಾನಿಕವೇ ಅಲ್ಲ! ಹಬ್ಬ ಮುಗಿಸಿ ಇನ್ನೂ ವರ್ಷ ತುಂಬದ ಊರಲ್ಲಿ.

ಆ ಮೂರನೆಯ ಭಾಷಣ ಸ್ವಲ್ಪ ಚೆಲ್ಲಾಪಿಲ್ಲಿ. ಜೋಡಿಸಿಟ್ಟ ವಿಚಾರಗಳೆಲ್ಲ ಮೊದಲೆರಡು ದಿನದಲ್ಲೇ ಖಾಲಿಯಾದವು ಅಂತ ಅವರೇ ಒಪ್ಪಿಕೊಳ್ತಾರೆ. ಹಾರುವ ತಟ್ಟೆ, ಮನಸ್ಸು ಓದೋದು, ಜ್ಯೋತಿಷ್ಯ, ಹೀಗೆ ಒಂದರಿಂದ ಒಂದಕ್ಕೆ ಹಾರುತ್ತಾರೆ. ನನಗಂತೂ ಅದೇ ಇಷ್ಟ. ಬರುವ ದಾರಿಯಲ್ಲಿ ಒಂದು ಕಾರಿನ ನಂಬರ್ ಪ್ಲೇಟ್ ಕಂಡಿತಂತೆ. ರಾಜ್ಯದಲ್ಲಿರುವ ಅಷ್ಟೊಂದು ಕಾರುಗಳಲ್ಲಿ ಅದೇ ನಂಬರ್ ಕಣ್ಣಿಗೆ ಬೀಳುವ ಸಂಭವ ಎಷ್ಟು, ಲೆಕ್ಕ ಹಾಕಿ ನೋಡಿ, ಪವಾಡವಲ್ಲವೇ ಅಂತ ತಮಾಷೆ ಮಾಡ್ತಾರೆ. ಆದ ಮೇಲೆ ಲೆಕ್ಕ ಹಾಕಿದರೆ ಎಲ್ಲವೂ ಪವಾಡವೇ.

ಇನ್ನೊಂದು ಪ್ರಸಂಗ ನಮಗೆ ಹತ್ತಿರದ್ದು. ಎಂಐಟಿಯಲ್ಲಿ ಓದುವಾಗ ಒಮ್ಮೆ ಇದ್ದಕ್ಕಿದ್ದಂತೆ ಅಜ್ಜಿ ತೀರಿಕೊಂಡರು ಅಂತ ಅವರಿಗೆ ಅನ್ನಿಸಿತು. ಅಷ್ಟರಲ್ಲಿ ಫೋನ್ ರಿಂಗಾಯಿತು. ಫೋನ್ ಬಂದದ್ದು ಬೇರೊಬ್ಬ ಹುಡುಗನಿಗೆ. ಅಜ್ಜಿ ಚೆನ್ನಾಗಿಯೇ ಇದ್ದರು. ಇದನ್ನು ಅವರು ಬೇಕಂತಲೇ ನೆನಪಿಟ್ಟುಕೊಂಡರು, ಯಾರಾದರೂ ಇದಕ್ಕೆ ಉಲ್ಟಾ ಕಥೆ ಹೇಳಿದಾಗ ಬೇಕಾಗುತ್ತೆ ಅಂತ.

ರಾತ್ರಿ ಎರಡು ಗಂಟೆಗೆ ಊರಿಂದ ಫೋನ್ ಬಂದರೆ ನಮ್ಮ ಎದೆ ಹೇಗೆ ಝಲ್ಲೆನ್ನುತ್ತೆ, ನಿಮಗೇ ಗೊತ್ತು. "ಸಂಜೆಯಿಂದಲೇ ಏನೋ ಕಸಿವಿಸಿ ಆಗ್ತಿತ್ತು" ಅಂತ ಆಮೇಲೆ ಹೇಳ್ತೀವಿ. ಕಸಿವಿಸಿ ಆಗಿಯೂ ಫೋನ್ ಬಾರದ ಸಂಜೆಗಳು ಎಷ್ಟೋ. ಅಮೆರಿಕದಲ್ಲಿ ಅಲಾರಂ ಇಟ್ಟ ಮಗ ಟೈಮ್ ಝೋನ್ ಮರೆತು ಅಮ್ಮನನ್ನು ಎಬ್ಬಿಸಿದ ರಾತ್ರಿಗಳೂ ಇವೆ. ಅವನ್ನೆಲ್ಲ ಯಾರೂ ಎಣಿಸೋದಿಲ್ಲ. ದುಃಖದಲ್ಲಿರುವವರ ಮುಂದೆ ಈ ಲೆಕ್ಕ ತೆಗೆಯೋಕೆ ಹೋಗಬೇಡಿ, ಅದು ಬೇರೆ ಮಾತು.

ಹೆಚ್ಚುಕಮ್ಮಿ ಅದೇ ಸಮಯಕ್ಕೆ ಬೆಂಗಳೂರಿನ ಬಸವನಗುಡಿಯಲ್ಲೂ ಒಬ್ಬ ಭೌತವಿಜ್ಞಾನಿ ಇದೇ ಕೆಲಸಕ್ಕೆ ಕೈಹಾಕಿದ್ದರು. ಗೌರಿಬಿದನೂರು ಬಳಿಯ ಹೊಸೂರಿನ ಎಚ್. ನರಸಿಂಹಯ್ಯ. ಓಹಾಯೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಡಾಕ್ಟರೇಟ್ ಮಾಡಿ, ಇಲ್ಲೇ ನಿಲ್ಲದೆ ನ್ಯಾಷನಲ್ ಕಾಲೇಜಿಗೆ ವಾಪಸ್ ಹೋದವರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಟಿಕೆಟ್ ಇಲ್ಲ, ಯಾರು ಬೇಕಾದರೂ ಬಂದು ವಿಜ್ಞಾನದ ಉಪನ್ಯಾಸ ಕೇಳಬಹುದು. 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, ಪವಾಡಗಳನ್ನು ಪರೀಕ್ಷಿಸೋಕೆ ಒಂದು ಸಮಿತಿ ಮಾಡಿ, ನಮ್ಮ ಮುಂದೆ ಮಾಡಿ ತೋರಿಸಿ ಅಂತ ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದರು. ಮೂರು ಪತ್ರ. ಉತ್ತರ ಬರಲಿಲ್ಲ. ಊರು ತುಂಬ ಗಲಾಟೆ ಮಾತ್ರ ಆಯಿತು. ಫೈನ್‌ಮನ್ ಚಪ್ಪಾಳೆ ಗಿಟ್ಟಿಸಿ ಕ್ಯಾಲಿಫೋರ್ನಿಯಾಕ್ಕೆ ಮರಳಿದರು. ಎಚ್ಚೆನ್ ಅದೇ ಊರಲ್ಲಿ, ಅದೇ ಜನರ ನಡುವೆ ಬದುಕಬೇಕಿತ್ತು. ಇಬ್ಬರಲ್ಲಿ ಯಾರ ಕೆಲಸ ಕಷ್ಟದ್ದು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಅವರ ಆತ್ಮಕಥೆ 'ಹೋರಾಟದ ಹಾದಿ' ಕನ್ನಡದಲ್ಲೇ ಇದೆ.

ಸಿಯಾಟಲ್ ಭಾಷಣಗಳು ಪುಸ್ತಕವಾಗಿ ಬಂದದ್ದು 1998ರಲ್ಲಿ, ಫೈನ್‌ಮನ್ ತೀರಿಕೊಂಡು ಹತ್ತು ವರ್ಷದ ಮೇಲೆ. ಹೆಸರು 'ದಿ ಮೀನಿಂಗ್ ಆಫ್ ಇಟ್ ಆಲ್'. ಅವರೇ ತಿದ್ದಿದ್ದರೆ ಎಷ್ಟೋ ಕತ್ತರಿಸುತ್ತಿದ್ದರೇನೋ. ಮೂರನೆಯ ಭಾಷಣದಿಂದ ಶುರು ಮಾಡಿ, ಮೊದಲೆರಡನ್ನು ಆಮೇಲೆ ಓದಿದರೂ ನಡೆಯುತ್ತೆ.