ರಿಮಿನಿ

ರಿಮಿನಿಯು ಇಟಲಿಯ ಎಮಿಲಿಯಾ-ರೊಮಾನ್ಯ ಪ್ರಾಂತ್ಯದಲ್ಲಿ, ಏಡ್ರಿಯಾಟಿಕ್ ಸಮುದ್ರದ ತೀರದಲ್ಲಿರುವ ನಗರ. ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ. ಸುಮಾರು 15 ಕಿ.ಮೀ. ಉದ್ದದ ಮರಳಿನ ದಂಡೆಯುಳ್ಳ ಈ ನಗರವು ಮಕ್ಕಳೊಡನೆ ಬರುವ ಕುಟುಂಬಗಳ ಬೇಸಿಗೆಯ ವಿಹಾರಧಾಮವೆಂದು ಯುರೋಪಿನಲ್ಲಿ ಹೆಸರಾಗಿದೆ.

ಕಡಲು ಮತ್ತು ದಂಡೆ

ಏಡ್ರಿಯಾಟಿಕ್ ಸಮುದ್ರದ ಉತ್ತರ ಭಾಗವು ಆಳವಿಲ್ಲದ್ದು. ಪೊ ಮೊದಲಾದ ನದಿಗಳು ತಂದ ಹೂಳು ಇಲ್ಲಿನ ತಳವನ್ನು ತುಂಬಿದೆ. ಆದ್ದರಿಂದ ರಿಮಿನಿಯಲ್ಲಿ ದಂಡೆಯಿಂದ ಬಹುದೂರ ನಡೆದುಹೋದರೂ ನೀರು ದೊಡ್ಡವರ ಸೊಂಟವನ್ನು ಮೀರುವುದಿಲ್ಲ. ಭರತ ಇಳಿತಗಳ ಅಂತರವೂ ಕಡಿಮೆ. ಬಂದರಿನ ಉತ್ತರಕ್ಕಿರುವ ವಿಸೆರ್ಬಾದಂತಹ ಕಡೆಗಳಲ್ಲಿ ದಂಡೆಗೆ ಸಮಾನಾಂತರವಾಗಿ ಹಾಕಿರುವ ಕಲ್ಲಿನ ತಡೆಗೋಡೆಗಳು ಅಲೆಗಳ ರಭಸವನ್ನು ಮುರಿಯುತ್ತವೆ.

ದಂಡೆಯ ಬಹುಭಾಗವನ್ನು ‘ಬಾನ್ಯೊ’ ಎಂಬ, ಸಂಖ್ಯೆಯಿಂದ ಗುರುತಿಸಲಾಗುವ ಖಾಸಗಿ ಸ್ನಾನಕೇಂದ್ರಗಳು ಹಂಚಿಕೊಂಡಿವೆ. ಸಾಲುಸಾಲಾಗಿ ನೆಟ್ಟ ಕೊಡೆಗಳನ್ನೂ ಒರಗುಕುರ್ಚಿಗಳನ್ನೂ ಅಲ್ಲಿ ದಿನ ಅಥವಾ ವಾರದ ಲೆಕ್ಕದಲ್ಲಿ ಬಾಡಿಗೆಗೆ ಪಡೆಯಬಹುದು. ದಂಡೆಯು ಸರ್ಕಾರದ ಸ್ವತ್ತಾಗಿದ್ದು ಕೇಂದ್ರಗಳವರು ಪರವಾನಗಿದಾರರು ಮಾತ್ರ. ನೀರಿನಂಚಿನ ಐದು ಮೀಟರು ಪಟ್ಟಿಯಲ್ಲಿ ಯಾರು ಬೇಕಾದರೂ ಓಡಾಡಬಹುದು. ಬಾಡಿಗೆಯಿಲ್ಲದ ಮುಕ್ತ ದಂಡೆಯೂ ಅಲ್ಲಲ್ಲಿ ಉಂಟು. ಈ ಪರವಾನಗಿಗಳನ್ನು ಬಹಿರಂಗ ಸ್ಪರ್ಧೆಗೆ ಒಡ್ಡಬೇಕೆಂಬ ವಾದವು ಐರೋಪ್ಯ ಒಕ್ಕೂಟದ 2006ರ ಸೇವಾ ನಿರ್ದೇಶನದ ತರುವಾಯ ಇಟಲಿಯಲ್ಲಿ ದೀರ್ಘ ವಿವಾದವಾಗಿದೆ. ಜೀವರಕ್ಷಕರು ಬಿಳಿ ಬಾವುಟ ಹಾರಿಸಿದ್ದರೆ ಸ್ನಾನ ಸುರಕ್ಷಿತ; ಕೆಂಪು ಬಾವುಟವಿದ್ದರೆ ನೀರಿಗಿಳಿಯುವುದು ಅಪಾಯಕರ.

ಇತಿಹಾಸ

ಕ್ರಿ.ಪೂ. 268ರಲ್ಲಿ ರೋಮನ್ನರು ‘ಅರಿಮಿನುಮ್’ ಎಂಬ ಹೆಸರಿನಿಂದ ಈ ನಗರವನ್ನು ಸ್ಥಾಪಿಸಿದರು. ಕ್ರಿ.ಪೂ. 27ರ ಆಗಸ್ಟಸ್ ಕಮಾನು ಇಂದಿಗೂ ನಿಂತಿದೆ. ಕ್ರಿ.ಶ. 21ರಲ್ಲಿ ಪೂರ್ಣಗೊಂಡ ಟಿಬೇರಿಯಸ್ ಸೇತುವೆಯೂ ಉಳಿದಿದೆ.

1843ರಲ್ಲಿ ಮೊದಲ ಸ್ನಾನಕೇಂದ್ರ ತೆರೆಯಿತು. 1861ರಲ್ಲಿ ರೈಲುಮಾರ್ಗ ಬಂತು. 1908ರಲ್ಲಿ ಕಟ್ಟಲಾದ ಗ್ರ್ಯಾಂಡ್ ಹೋಟೆಲು ಸಿರಿವಂತರ ಕಾಲದ ಕುರುಹು. ಎರಡನೆಯ ಮಹಾಯುದ್ಧದಲ್ಲಿ ಬಾಂಬು ದಾಳಿಗಳಿಂದ ನಗರದ ಬಹುಭಾಗ ನೆಲಸಮವಾಯಿತು. 1944ರ ಸೆಪ್ಟೆಂಬರ್ 21ರಂದು ಮಿತ್ರಪಡೆಗಳು ನಗರವನ್ನು ವಶಪಡಿಸಿಕೊಂಡವು. ಈ ಪ್ರದೇಶದ ಕಾಳಗಗಳಲ್ಲಿ ಭಾರತೀಯ ಸೇನೆಯ ವಿಭಾಗಗಳೂ ಹೋರಾಡಿದ್ದವು. ಸಾನ್ ಮರೀನೊಗೆ ಹೋಗುವ ದಾರಿಯಲ್ಲಿ ಗೂರ್ಖಾ ಯುದ್ಧ ಸ್ಮಶಾನವಿದೆ. ದಂಡೆಗೆ ಬಂದವರಲ್ಲಿ ಹೆಚ್ಚಿನವರಿಗೆ ಇದು ತಿಳಿದಿರಲಾರದು.

ಯುದ್ಧಾನಂತರದ ದಶಕಗಳಲ್ಲಿ, ಒಂದೇ ಮನೆಯವರು ಅಡುಗೆಯಿಂದ ಹಾಸಿಗೆಯವರೆಗೆ ಎಲ್ಲವನ್ನೂ ನೋಡಿಕೊಳ್ಳುವ ‘ಪೆನ್ಸಿಯೋನೆ’ ಎಂಬ ಸಣ್ಣ ವಸತಿಗೃಹಗಳು ಹೇರಳವಾಗಿ ತಲೆಯೆತ್ತಿದವು. ರಿಮಿನಿಯು ಸಾಮಾನ್ಯ ಕುಟುಂಬಗಳ ಕೈಗೆಟುಕಿದ್ದು ಇವುಗಳಿಂದಲೇ.

ನೀರಿನ ಸ್ವಚ್ಛತೆ

ಮಕ್ಕಳಿಗೆ ಒಗ್ಗುವ ಆಳವಿಲ್ಲದ ನೀರೇ ಈ ಊರಿನ ತೊಂದರೆಗೂ ಒಂದು ಕಾರಣ. ನೀರು ಬೇಗ ಕಾಯುತ್ತದೆ, ನಿಧಾನವಾಗಿ ಕದಲುತ್ತದೆ. 1989ರ ಬೇಸಿಗೆಯಲ್ಲಿ ಸೂಕ್ಷ್ಮ ಪಾಚಿಗಳಿಂದ ಹುಟ್ಟಿದ ಲೋಳೆಯು ತೀರದುದ್ದಕ್ಕೂ ಹರಡಿ ಪ್ರವಾಸಿಗರನ್ನು ಹಿಮ್ಮೆಟ್ಟಿಸಿತು.

ಮಳೆನೀರೂ ಮಲಿನ ನೀರೂ ಒಂದೇ ಕೊಳವೆಯಲ್ಲಿ ಹರಿಯುತ್ತಿದ್ದ ಹಳೆಯ ಚರಂಡಿ ವ್ಯವಸ್ಥೆಯು ಮತ್ತೊಂದು ತೊಡಕು. ಜೋರು ಮಳೆಯಾದಾಗ ಅದು ತುಂಬಿ ನೇರವಾಗಿ ಕಡಲಿಗೆ ಸೇರುತ್ತಿತ್ತು. ಆಗ ಸ್ನಾನ ನಿಷೇಧವಾಗುತ್ತಿತ್ತು. 2013ರಿಂದ ಕೈಗೊಂಡ ಯೋಜನೆಯಲ್ಲಿ ಕೊಳವೆಗಳನ್ನು ಬೇರ್ಪಡಿಸಿ, ಕೆನಡಿ ಚೌಕದ ನೆಲದಡಿಯಲ್ಲಿ ಬೃಹತ್ ತೊಟ್ಟಿಗಳನ್ನು ಕಟ್ಟಲಾಯಿತು. ಮೇಲ್ಭಾಗವು ಈಗ ಕಡಲು ನೋಡುವ ಜಗಲಿಯಾಗಿದೆ. ಆದರೂ ಭಾರಿ ಮಳೆಯ ಮರುದಿನ ಮಕ್ಕಳನ್ನು ನೀರಿಗಿಳಿಸುವ ಮುನ್ನ ದಂಡೆಯ ಸೂಚನಾಫಲಕವನ್ನು ಓದುವುದು ಲೇಸು.

ಪ್ರವಾಸ

ಬೊಲೊನ್ಯದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಆಗಸ್ಟ್ 15ರ ‘ಫೆರ್ರಗೋಸ್ತೊ’ ಹಬ್ಬದ ಆಸುಪಾಸಿನಲ್ಲಿ ಜನಜಂಗುಳಿ ಅತಿ ಹೆಚ್ಚು. ಜೂನ್ ಮತ್ತು ಸೆಪ್ಟೆಂಬರಿನ ಮೊದಲ ವಾರಗಳು ನೆಮ್ಮದಿಯವು. 1970ರಲ್ಲಿ ತೆರೆದ, ಇಟಲಿಯ ಕಟ್ಟಡಗಳ ಕಿರುಮಾದರಿಗಳಿರುವ ‘ಇತಾಲಿಯಾ ಇನ್ ಮಿನಿಯತೂರಾ’ ಉದ್ಯಾನವನ್ನು ಮಕ್ಕಳು ಮೆಚ್ಚುತ್ತಾರೆ. 1920ರಲ್ಲಿ ಇಲ್ಲಿಯೇ ಜನಿಸಿದ ಚಿತ್ರ ನಿರ್ದೇಶಕ ಫೆಡೆರಿಕೊ ಫೆಲಿನಿಯ ವಸ್ತುಸಂಗ್ರಹಾಲಯವು 2021ರಲ್ಲಿ ಆರಂಭವಾಯಿತು. ಅವನ ‘ಅಮರ್ಕೋರ್ಡ್’ (1973) ಚಿತ್ರ ಈ ಊರಿನ ನೆನಪುಗಳಿಂದ ಮೂಡಿದ್ದರೂ ಅದನ್ನು ಬಹುಪಾಲು ಚಿತ್ರಿಸಿದ್ದು ರೋಮಿನ ಚಿನೆಚಿತ್ತಾ ಸ್ಟುಡಿಯೊದಲ್ಲಿ.

ಪಿಯದೀನಾ ಎಂಬ ತೆಳು ಗೋಧಿ ರೊಟ್ಟಿ ಇಲ್ಲಿನ ಎಲ್ಲೆಡೆ ಸಿಗುವ ತಿನಿಸು. ಸಾಂಪ್ರದಾಯಿಕ ಹಿಟ್ಟಿಗೆ ಹಂದಿಯ ಕೊಬ್ಬನ್ನು ಸೇರಿಸುವುದರಿಂದ ಸಸ್ಯಾಹಾರಿಗಳು ಆಲಿವ್ ಎಣ್ಣೆಯಲ್ಲಿ ಮಾಡಿದ್ದನ್ನೇ ಕೇಳಿ ಪಡೆಯಬೇಕು.